ತೊಟ್ಟಿಲಪ್ಪನ ಇಪ್ಪತ್ತೇಳನೇ ಗೂಡು

ನಮ್ಮ ಶಿಕ್ಷಕರ ತರಬೇತಿ ಕಾಲೇಜಿನ ಹಾಜರಿ ಪುಸ್ತಕದಲ್ಲಿ ತೊಟ್ಟಿಲಪ್ಪ ಎಂಬ ಹೆಸರು ಎಲ್ಲೂ ಇಲ್ಲ. ಅಟೆಂಡರ್ ಎಂದು ಬರೆದಿರುವ ಜಾಗದಲ್ಲಿ ಸಹಿ ಹಾಕುವ, ಐವತ್ತೆಂಟು ವರ್ಷದ, ಸಣಕಲು ಮೈಯ, ಉದ್ದ ಕೈಗಳ ಒಬ್ಬರಿದ್ದಾರೆ, ಅವರೇ ಇವರು. ಮೂರು ವರ್ಷದ ಹಿಂದಿನ ಬ್ಯಾಚಿನವರು ಇಟ್ಟ ಅಡ್ಡಹೆಸರು ಅದು. ಈಗ ಪ್ರಿನ್ಸಿಪಾಲರೂ ಒಮ್ಮೊಮ್ಮೆ ಮೈಮರೆತು ಹಾಗೇ ಕರೆದುಬಿಡುತ್ತಾರೆ. ಅದಕ್ಕೆ ಅವರು ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ನಾನು ಅಲ್ಲಿ ವಿಜ್ಞಾನ ಹೇಗೆ ಕಲಿಸಬೇಕು ಎಂದು ಹೇಳಿಕೊಡುವ ಮೇಷ್ಟ್ರು. ಮೂಗಿನ ತುದಿಯಲ್ಲೇ ಕೋಪ ಎಂದು ಹೆಸರು ಪಡೆದವನು. ಈ ಕಥೆಯಲ್ಲಿ ನನ್ನ ಪಾತ್ರ ಹೆಮ್ಮೆ ಪಡುವಂಥದ್ದೇನಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವರು ಕಾಲೇಜಿಗೆ ಬಂದದ್ದು ಇಪ್ಪತ್ಮೂರನೇ ವಯಸ್ಸಿನಲ್ಲಿ, ಗಿಡಗಳಿಗೆ ನೀರು ಹಾಕಲು. ಆಮೇಲೆ ಗಂಟೆ ಹೊಡೆಯುವ ಕೆಲಸ ಬಂತು, ನಕ್ಷೆಗಳ ಧೂಳು ಒರೆಸುವ ಕೆಲಸ ಬಂತು, ಮುರಿದ ಡೆಸ್ಕುಗಳಿಗೆ ಮೊಳೆ ಹೊಡೆಯುವ ಕೆಲಸವೂ ಬಂತು. ನಮ್ಮ ವಿದ್ಯಾರ್ಥಿಗಳು ಪಾಠ ಮಾಡಿ ಕಲಿಯುವುದು ರಸ್ತೆಯ ಆಚೆಗಿರುವ ಶಾಲೆಯಲ್ಲಿ. ಯಾರಿಗೋ ಹೃದಯದ ಪಾಠವಿದ್ದರೆ ಜೇಡಿಮಣ್ಣಿನ ಹೃದಯವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಸ್ಸು ಲಾರಿಗಳ ನಡುವೆ ರಸ್ತೆ ದಾಟುತ್ತಿದ್ದವರು ಇವರೇ. ಮೂವತ್ತೈದು ವರ್ಷದಲ್ಲಿ ಹೃದಯ ಒಂದು ಸಲವೂ ಒಡೆದಿಲ್ಲ. ಮೂತ್ರಪಿಂಡ ಒಮ್ಮೆ ಬಿದ್ದಿದೆ, ಆದರೆ ಅದು ನನ್ನ ಕೈಯಿಂದ.

ಅವರ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಾರೆ. ಇರುವುದು ಒಬ್ಬಳೇ ಮಗಳು. ಆರನೇ ವಯಸ್ಸಿಗೇ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಮೇಲಿಂದ ಕೆಳಗೆ ಬಾಯಿಪಾಠ ಒಪ್ಪಿಸುತ್ತಿದ್ದಳಂತೆ. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ದಾಣಕ್ಕೆ ಹೋದರೆ ಗೊತ್ತಿಲ್ಲದ ಪ್ರಯಾಣಿಕರು ಅವಳನ್ನೇ ಕೇಳುತ್ತಿದ್ದರಂತೆ. ಈ ಕಥೆಯನ್ನು ಅವರು ನನಗೆ ಕನಿಷ್ಠ ಇಪ್ಪತ್ತು ಸಲ ಹೇಳಿದ್ದಾರೆ. ಅವಳು ದೊಡ್ಡವಳಾಗಿ, ಡಿಗ್ರಿ ಮುಗಿಸಿ, ನಮ್ಮ ಕಾಲೇಜಿಗೇ ಶಿಕ್ಷಕಿಯಾಗಲು ಬಂದು ಸೇರಿದ ದಿನ ಅವರು ಗಂಟೆ ಹೊಡೆದದ್ದು ಎರಡು ನಿಮಿಷ ತಡವಾಗಿತ್ತು. ಮೂವತ್ತೈದು ವರ್ಷದಲ್ಲಿ ಅದೊಂದೇ ಸಲ.

ಇನ್ನು ತೊಟ್ಟಿಲ ವಿಷಯ. ನಮ್ಮ ವಿದ್ಯಾರ್ಥಿಗಳು ಫೋನು ಬಿಟ್ಟಿರಲಾರರು. ಊಟದ ತಟ್ಟೆಯ ಪಕ್ಕ ಫೋನು, ಪ್ರಾರ್ಥನೆಗೆ ನಿಂತಾಗ ಕೋಟಿನ ತೋಳಿನೊಳಗೆ ಫೋನು. ಪಾಠ ಯೋಜನೆ ಎಂದು ನಾವು ಬರೆಸುವ ದೊಡ್ಡ ನೋಟ್‌ಬುಕ್ಕಿನಲ್ಲಿ ಮೂರು ಅಂಕಣಗಳಿರುತ್ತವೆ. ಶಿಕ್ಷಕಿ ಏನು ಕೇಳುತ್ತಾಳೆ, ಮಗು ಏನು ಉತ್ತರಿಸುತ್ತದೆ, ಬೋರ್ಡಿನ ಮೇಲೆ ಏನು ಬರೆಯುತ್ತಾಳೆ. ಮಗುವಿನ ಉತ್ತರವನ್ನೂ ಹಿಂದಿನ ದಿನವೇ ಬರೆದಿಡಬೇಕು. ನಲವತ್ತು ಜನರೂ ಅದನ್ನು ಫೋನಿನ ಗುಂಪಿನಿಂದ ಇಳಿಸಿಕೊಳ್ಳುತ್ತಿದ್ದುದರಿಂದ, ನಲವತ್ತು ಪುಸ್ತಕಗಳಲ್ಲೂ ಒಂದೇ ಮಗು ಒಂದೇ ಉತ್ತರ ಕೊಡುತ್ತಿತ್ತು. ಅದು ಎಂದೂ ತಪ್ಪು ಹೇಳದ ಮಗು.

ಮೂರು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಅವನ ಜೇಬಿನಲ್ಲಿದ್ದ ಫೋನು ಇದ್ದಕ್ಕಿದ್ದಂತೆ, "ಮುಂದೆ ಬಲಕ್ಕೆ ತಿರುಗಿ" ಎಂದಿತು. ಬೆಳಿಗ್ಗೆ ದಾರಿ ಕೇಳಿದ್ದನ್ನು ನಿಲ್ಲಿಸಲು ಮರೆತಿದ್ದನಂತೆ. ಮೂರನೇ ತರಗತಿಯ ಮಕ್ಕಳು ಹೇಳಿದ ಮಾತು ಕೇಳುವವರು. ಇಡೀ ತರಗತಿ ಬೆಂಚಿನ ಮೇಲೆ ಬಲಕ್ಕೆ ತಿರುಗಿ ಕೂತಿತು. ಅಂದು ಆ ಶಾಲೆಯ ಮುಖ್ಯೋಪಾಧ್ಯಾಯರು ನಮ್ಮನ್ನು ಕರೆಸಿ ಚೆನ್ನಾಗಿ ಮಂಗಳಾರತಿ ಮಾಡಿದರು. ಮರುದಿನದಿಂದ ರಸ್ತೆ ದಾಟುವ ಮುನ್ನ ವಿದ್ಯಾರ್ಥಿಗಳೆಲ್ಲ ಫೋನು ಒಪ್ಪಿಸಿ ಹೋಗಬೇಕು ಎಂದಾಯಿತು. ಮೇಷ್ಟ್ರುಗಳಿಗೆ ಈ ನಿಯಮ ಇರಲಿಲ್ಲ. ಇರಬೇಕು ಎಂದು ನಮಗೆ ಯಾರಿಗೂ ಅನ್ನಿಸಲೂ ಇಲ್ಲ.

ಪೆಟ್ಟಿಗೆ ಮಾಡಿದ್ದು ಇವರೇ. ಮುರಿದ ಡೆಸ್ಕುಗಳ ಹಲಗೆ ಜೋಡಿಸಿ ನಲವತ್ತು ಗೂಡು, ಪ್ರತಿ ಗೂಡಿಗೂ ಹಳೆಯ ಕಂಬಳಿಯ ತುಂಡು, ಗೀರು ಬೀಳಬಾರದೆಂದು. ಒಪ್ಪಿಸಲು ಬಂದವರಿಗೆ, "ಮಲಗಿಸಿ ಹೋಗಿ, ನಾನು ನೋಡ್ಕೋತೀನಿ" ಎನ್ನುತ್ತಿದ್ದರು. ಪೆಟ್ಟಿಗೆ ತೊಟ್ಟಿಲಾಯಿತು, ಇವರು ತೊಟ್ಟಿಲಪ್ಪ ಆದರು.

ನಮ್ಮ ಮಕ್ಕಳೇನು ಕಡಿಮೆಯೇ? ಎರಡೇ ವಾರದಲ್ಲಿ ಕೆಟ್ಟುಹೋದ ಹಳೆಯ ಫೋನು ತಂದು ಗೂಡಿಗೆ ಹಾಕಿ, ನಿಜವಾದದ್ದನ್ನು ಕೋಟಿನಲ್ಲಿ ಇಟ್ಟುಕೊಂಡು ಹೋಗತೊಡಗಿದರು. ತೊಟ್ಟಿಲಪ್ಪ ಫೋನನ್ನು ಅಂಗೈಯಲ್ಲಿ ಒಂದು ಕ್ಷಣ ಹಿಡಿದುಕೊಳ್ಳುತ್ತಿದ್ದರು, ಅಷ್ಟೇ.

"ಇದರ ಮೈ ತಣ್ಣಗಿದೆಯಲ್ಲಮ್ಮ. ಬೆಚ್ಚಗಿರೋದನ್ನ ಕೊಡು."

ಸಿಕ್ಕಿಬಿದ್ದವರು ಹಲ್ಲು ಕಿರಿದು ನಿಜವಾದದ್ದನ್ನು ಕೊಡುತ್ತಿದ್ದರು. ಗೇಟಿನ ತನಕ ಉಜ್ಜುತ್ತಲೇ ಬಂದ ಫೋನು ಬೆಚ್ಚಗಿರದೆ ಇನ್ನೇನು? ಇವರು ಯಾರನ್ನೂ ಪ್ರಿನ್ಸಿಪಾಲರ ಬಳಿ ಹಿಡಿದುಕೊಟ್ಟವರಲ್ಲ. ಹಾಗೆಂದು ಋಷಿಯೂ ಅಲ್ಲ. ಭಾನುವಾರ ಮಧ್ಯಾಹ್ನ ತಮ್ಮ ಫೋನಿನಲ್ಲಿ ಯಾರೋ ಕುರ್ಚಿ ಮಾಡುವುದನ್ನು ಮೂರು ಗಂಟೆ ನೋಡುತ್ತಾ ಕೂರುತ್ತಾರೆಂದು ಹೆಂಡತಿಯೇ ದೂರಿದ್ದಾರೆ.

ಮಗಳದ್ದು ಇಪ್ಪತ್ತೇಳನೇ ಗೂಡು. ಅವಳು ವರ್ಷವಿಡೀ ಸರಿಯಾಗಿಯೇ ಒಪ್ಪಿಸುತ್ತಿದ್ದಳು, ಆದರೆ ಪಾಠ ಮಾಡುವಾಗ ಅವಳ ಬಲಗೈ ಹೆಬ್ಬೆರಳು ಮೇಜಿನ ಅಂಚನ್ನು ಕೆಳಗಿಂದ ಮೇಲಕ್ಕೆ ಉಜ್ಜುತ್ತಲೇ ಇರುತ್ತಿತ್ತು. ಮಾತು ಎರಡು ಸಲ ತಡವರಿಸಿದರೆ ಮೂರನೇ ಸಲ ನಿಂತೇಹೋಗುತ್ತಿತ್ತು. ನಾನು ಅವಳ ಪುಸ್ತಕದಲ್ಲಿ 'ಅಭ್ಯಾಸ ಸಾಲದು' ಎಂದು ಕೆಂಪು ಶಾಯಿಯಲ್ಲಿ ಬರೆದು ಕೈತೊಳೆದುಕೊಂಡೆ.

ಕೊನೆಯ ಪರೀಕ್ಷಾ ಪಾಠ ಬಂತು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, ಪಕ್ಕದಲ್ಲಿ ನಾನು, ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುವುದು. ಇದರಲ್ಲಿ ಪಾಸಾಗದೆ ಶಿಕ್ಷಕಿಯಾಗಲು ಬರುವುದಿಲ್ಲ. ಯಾರ ಕೈಯಲ್ಲಾದರೂ ಫೋನು ಕಂಡರೆ ಒಂದು ವರ್ಷ ಕಾಯಬೇಕು ಎಂದು ಪ್ರಿನ್ಸಿಪಾಲರು ನೋಟಿಸ್ ಅಂಟಿಸಿದ್ದರು. ಅಂಟಿಸಿದ್ದು ತೊಟ್ಟಿಲಪ್ಪನೇ.

ಆ ಬೆಳಿಗ್ಗೆ ಗೇಟಿನಲ್ಲಿ ಪೆಟ್ಟಿಗೆಯ ಒಂದು ಪಕ್ಕ ಪ್ರಿನ್ಸಿಪಾಲರು, ಇನ್ನೊಂದು ಪಕ್ಕ ಪರೀಕ್ಷಕರು ನಿಂತಿದ್ದರು. ಮಗಳು ಸಾಲಿನಲ್ಲಿ ಬಂದು ಫೋನು ಕೊಟ್ಟಳು. ತಣ್ಣಗಿತ್ತು. ಅಷ್ಟೇ ಅಲ್ಲ, ಅದರ ಮೂಲೆ ಬಿರುಕು ಬಿಟ್ಟು ಅದಕ್ಕೆ ಕಪ್ಪು ಟೇಪು ಸುತ್ತಿತ್ತು. ಸುತ್ತಿದ್ದು ಅವರೇ, ನಾಲ್ಕು ವರ್ಷದ ಹಿಂದೆ, ಅದು ಅವರ ಫೋನಾಗಿದ್ದಾಗ. ಮನೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಬಿದ್ದಿದ್ದದ್ದು. ಮಗಳು ಮುಖ ನೋಡಲಿಲ್ಲ. ತಣ್ಣಗಿದೆ ಎಂದು ಬಾಯಿ ಬಿಟ್ಟರೆ ಅವಳ ವರ್ಷ ಅಲ್ಲೇ ಮುಗಿಯುತ್ತಿತ್ತು. ಅವರು ಅದನ್ನು ಇಪ್ಪತ್ತೇಳನೇ ಗೂಡಿನಲ್ಲಿ ಮಲಗಿಸಿ, ಪುಸ್ತಕದಲ್ಲಿ ಗುರುತು ಹಾಕಿದರು. ಮೂವತ್ತೈದು ವರ್ಷದಲ್ಲಿ ಅವರು ಬರೆದ ಮೊದಲ ಸುಳ್ಳು ಅದು ಎಂದು ಹೇಳಿದರೆ ನಾನು ನಂಬುತ್ತೇನೆ.

ಅವಳಿಗೆ ಆರನೇ ತರಗತಿ, ನೆರಳಿನ ಪಾಠ. ಅದು ಹೇಗೆ ನಡೆಯಿತೆಂದು ಆ ದಿನ ಕೇಳಿದ್ದರೆ ನಾನು ಚೆನ್ನಾಗಿ ನಡೆಯಿತು ಎನ್ನುತ್ತಿದ್ದೆ. ಏಕೆಂದರೆ ನಾನು ಹಾಕಿದ ಅಂಕಪಟ್ಟಿ ಹಾಗೇ ಹೇಳುತ್ತದೆ. ವಿಷಯ ನಿರೂಪಣೆ ಏಳು. ಬೋರ್ಡಿನ ಬಳಕೆ ಏಳು. ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಎಂಟು. ಪರೀಕ್ಷಕರೂ ಹೆಚ್ಚುಕಡಿಮೆ ಅಷ್ಟೇ ಕೊಟ್ಟಿದ್ದರು.

ಸಂಜೆ ನಾಲ್ಕೂವರೆಗೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಫೋನು ಒಪ್ಪಿಸುವ ಪುಸ್ತಕ ತೆರೆದಿತ್ತು. ತೊಟ್ಟಿಲಪ್ಪ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

"ಓದಿ" ಎಂದರು ಪ್ರಿನ್ಸಿಪಾಲರು.

ತೊಟ್ಟಿಲಪ್ಪನ ಗುಂಡು ಗುಂಡು ಅಕ್ಷರ. ಬೆಳಗಿನ ಗುರುತನ್ನು ಅಡ್ಡಗೆರೆ ಎಳೆದು ಹೊಡೆದು, ಕೆಳಗೆ ಬರೆದಿದ್ದರು: 'ಗೂಡು ಇಪ್ಪತ್ತೇಳು. ಇಟ್ಟದ್ದು ಕೆಟ್ಟ ಫೋನು. ಗೊತ್ತಿದ್ದೂ ತೆಗೆದುಕೊಂಡೆ. ಹತ್ತು ಇಪ್ಪತ್ತಕ್ಕೆ ಚಾಕ್ ಕೊಡುವ ನೆಪದಲ್ಲಿ ಆರನೇ ತರಗತಿಗೆ ಹೋದೆ. ಪಾಠ ಯೋಜನೆ ಪುಸ್ತಕದ ಹಾಳೆಗಳ ನಡುವೆ ನಿಜವಾದ ಫೋನು ಇತ್ತು. ಪಾಠ ಮಾಡುವವಳು ಬೋರ್ಡಿಗೆ ತಿರುಗಿದ್ದಾಗ ಚಾಕ್ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಯಾರೂ ನೋಡಲಿಲ್ಲ. ಸಾಹೇಬರಿಬ್ಬರೂ ತಮ್ಮ ತಮ್ಮ ಫೋನು ನೋಡುತ್ತಿದ್ದರು. ಇಪ್ಪತ್ತೇಳು ನನ್ನ ಮಗಳು.'

ನಾನು ಎರಡು ಸಲ ಓದಿದೆ. ಮೊದಲ ಸಲ ಕೋಪ ಬಂತು. ಎರಡನೇ ಸಲ ಓದುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

"ನೀವು ಏನು ನೋಡಿದ್ರಿ?" ಎಂದರು ಪ್ರಿನ್ಸಿಪಾಲರು.

ನಾನು ಗುರುತು ಪರಿಚಯವಿಲ್ಲದ ಯಾರೋ ಒಬ್ಬನ ಜೊತೆ ಫೋನಿನಲ್ಲಿ ಚದುರಂಗ ಆಡುತ್ತಿದ್ದೆ. ಕುದುರೆ ಕಳೆದುಕೊಂಡಿದ್ದೆ. ಪರೀಕ್ಷಕರು ಹೊಸ ಮನೆಗೆ ಕಿಟಕಿಯ ಪರದೆ ಆರಿಸುತ್ತಿದ್ದರು. ನಡುವೆ ಒಮ್ಮೆ ಒಂದು ಪರದೆ ತೋರಿಸಿ ನನ್ನ ಅಭಿಪ್ರಾಯವನ್ನೂ ಕೇಳಿದ್ದರು. ಒಬ್ಬ ಮನುಷ್ಯ ಬಾಗಿಲಿನಿಂದ ಒಳಗೆ ಬಂದು, ಮೇಜಿನ ತನಕ ನಡೆದು, ಹೊರಗೆ ಹೋದದ್ದು ಇಬ್ಬರಿಗೂ ಕಂಡಿರಲಿಲ್ಲ.

"ಏನೂ ನೋಡಲಿಲ್ಲ ಮೇಡಂ" ಎಂದೆ. ನನ್ನ ನೌಕರಿಯಲ್ಲಿ ಇಷ್ಟು ನಿಜವಾದ, ಇಷ್ಟು ನಾಚಿಕೆಗೇಡಿನ ಮಾತನ್ನು ನಾನು ಇನ್ನೊಂದು ಸಲ ಆಡಿಲ್ಲ.

ಪ್ರಿನ್ಸಿಪಾಲರು ತೊಟ್ಟಿಲಪ್ಪನ ಕಡೆ ತಿರುಗಿದರು. "ಸುಮ್ಮನಿದ್ದಿದ್ರೆ ನಿಮ್ಮ ಮಗಳು ಪಾಸಾಗ್ತಿದ್ಲಲ್ಲಪ್ಪ. ಫೋನ್ ತಂದಿದ್ದೂ ಆಯ್ತು, ಯಾರಿಗೂ ಗೊತ್ತಾಗಲೂ ಇಲ್ಲ. ಮತ್ತೆ ಇದನ್ನ ಯಾಕೆ ಬರೆದ್ರಿ?"

ಅವರು ಕಟ್ಟಿದ್ದ ಕೈ ಬಿಟ್ಟರು. "ಒಳಗೆ ಹೋಗುವಾಗ ಅವಳು ಸಿಕ್ಕಿಬೀಳ್ತಾಳೆ ಅನ್ನೋ ಭಯ ಇತ್ತು, ಅಷ್ಟೇ ಮೇಡಂ. ತಗೊಂಡು ಬಂದು ಕಿಟಕಿ ಹತ್ರ ನಿಂತು ನೋಡಿದೆ. ಮಗು ಒಂದು ಏನೋ ಕೇಳ್ತು. ಇವಳು ಪುಸ್ತಕದ ಹಾಳೆ ತಿರುವಿದ್ಲು, ತಿರುವಿದ್ಲು, ಆಮೇಲೆ ಕೂತ್ಕೋ ಅಂದ್ಲು. ಆ ಮಗು ಮುಖ ಸಣ್ಣದು ಮಾಡ್ಕೊಂಡು ಕೂತ್ಕೊಳ್ತು." ಆಮೇಲೆ ಅಂದರು, "ಅವಳು ನಾಳೆಯಿಂದ ದಿನಾ ನಿಂತ್ಕೋಬೇಕಾದ ಜಾಗ ಅಲ್ವಾ ಮೇಡಂ ಅದು?"

ನನಗೆ ಇಂದಿಗೂ ಇದು ಪೂರ್ತಿ ಅರ್ಥವಾಗಿಲ್ಲ. ಒಂದೇ ದಿನ ಮಗಳನ್ನು ಉಳಿಸಲು ಕಳ್ಳನ ಹಾಗೆ ಒಳಗೆ ಹೋದವರೂ ಅವರೇ, ಅದೇ ಸಂಜೆ ತಮ್ಮ ಕೈಯಾರೆ ಅವಳನ್ನು ಹಿಡಿದುಕೊಟ್ಟವರೂ ಅವರೇ. ಕೇಳಿದರೆ, "ಎರಡೂ ನಾನೇ ಮಾಡಿದ್ದು ಸರ್" ಎಂದಷ್ಟೇ ಹೇಳುತ್ತಾರೆ.

ಪ್ರಿನ್ಸಿಪಾಲರು ಜಾಣೆ. ಮಗಳನ್ನು ಒಂದು ವರ್ಷ ಹೊರಗಿಟ್ಟರೆ ಪುಸ್ತಕದ ಆ ಬರಹ ಮೇಲಿನವರಿಗೆ ಹೋಗಬೇಕು. ಹೋದರೆ ಪರೀಕ್ಷಕರ ಮಾನವೂ ನನ್ನದೂ ಹರಾಜು. ಅವರು ಯೋಚಿಸಿ, ಅಂಕ ಹಾಕುವವರು ನೋಡದ ಪಾಠ ನಡೆದೇ ಇಲ್ಲ ಎಂದು ತೀರ್ಮಾನಿಸಿದರು. ಹತ್ತು ದಿನದ ನಂತರ ಅದೇ ತರಗತಿ, ಅದೇ ಪಾಠ, ಮತ್ತೊಮ್ಮೆ. ಅದೇ ಕೊನೆ, ಅದರಲ್ಲೂ ಆಗದಿದ್ದರೆ ಮುಂದಿನ ವರ್ಷ. ತೊಟ್ಟಿಲಪ್ಪನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಕಡತಕ್ಕೆ ಸೇರಿಸುವುದು ಅವರದೇ ಕೆಲಸವಾದ್ದರಿಂದ ಅದನ್ನು ಅವರೇ ರಂಧ್ರ ಹಾಕಿ, ದಾರ ಕಟ್ಟಿ ಸೇರಿಸಿದರು. ಆಮೇಲೆ ಪ್ರಿನ್ಸಿಪಾಲರ ಮಾತಿನಂತೆ ಪೆಟ್ಟಿಗೆಗೆ ಇನ್ನೂ ಎರಡು ಗೂಡು ಜೋಡಿಸಿದರು. ನಲವತ್ತೊಂದು ನನ್ನದು. ನಲವತ್ತೆರಡು ಪರೀಕ್ಷಕರು ಯಾರು ಬಂದರೆ ಅವರದು. ಕಂಬಳಿಯ ತುಂಡು ನಮಗೂ ಸಿಕ್ಕಿತು.

ಮಗಳು ಆ ಸಂಜೆಯೇ ಅಪ್ಪನಿಗೆ, "ಮಗಳಿಗಿಂತ ನಿಮಗೆ ಆ ಪುಸ್ತಕ ಹೆಚ್ಚಾಯ್ತಾ?" ಎಂದು ಕೇಳಿ ಮಾತು ಬಿಟ್ಟಳು. ಎರಡು ಕೋಣೆಯ ಮನೆ. ಒಂದೇ ಅಡುಗೆಮನೆಯಲ್ಲಿ ಮೂವರೂ ಕೂತು ಊಟ ಮಾಡಬೇಕು. "ಅಮ್ಮ, ನೀರಿನ ಚೊಂಬು ಕೊಡೋಕೆ ಹೇಳು" ಎಂದರೆ ಚೊಂಬು ಅಪ್ಪನ ಮೊಣಕೈ ಪಕ್ಕದಲ್ಲೇ ಇರುತ್ತಿತ್ತು. ನಡುವೆ ಸಿಕ್ಕ ಆ ತಾಯಿ ಮೂರನೇ ದಿನಕ್ಕೆ, "ನಾನೇನು ಪೋಸ್ಟ್ ಆಫೀಸಾ?" ಎಂದು ಇಬ್ಬರಿಗೂ ಬೈದರಂತೆ. ಪ್ರಯೋಜನವಾಗಲಿಲ್ಲ.

ಮಾತು ಬಿಟ್ಟ ಮರುದಿನವೇ ಮಗಳು ನನ್ನ ಬಳಿಗೂ ಬಂದಳು. ವಿಜ್ಞಾನ ಕೊಠಡಿಯಲ್ಲಿ ನಾನೊಬ್ಬನೇ ಇದ್ದೆ. "ಸರ್, ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದಕ್ಕೆ ನನಗೆ ಎಂಟು ಕೊಟ್ರಂತೆ. ಏನು ನೋಡಿ ಕೊಟ್ರಿ?"

ಬೇರೆ ದಿನವಾಗಿದ್ದರೆ ಹೊರಗೆ ಹೋಗು ಎನ್ನುತ್ತಿದ್ದೆ. ಅಂದು, "ನೋಡದೇ ಕೊಟ್ಟೆ" ಎಂದೆ. ಅವಳಿಗೆ ಅದು ನಿರೀಕ್ಷಿತ ಉತ್ತರವಾಗಿರಲಿಲ್ಲ ಎಂದು ಕಾಣುತ್ತದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ನನಗೂ ಸಂಕಟವಾಯಿತು. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ, ಹಾಗಾಗಿ ಬೋರ್ಡು ಒರೆಸುತ್ತಾ ನಿಂತೆ.

"ಪಾಠ ನೆನಪಿರ್ಲಿಲ್ವಾ ನಿಂಗೆ?" ಎಂದೆ.

"ಪೂರ್ತಿ ನೆನಪಿತ್ತು ಸರ್. ಈಗಲೂ ಇದೆ. ಆದ್ರೆ ಫೋನ್ ಪಕ್ಕದಲ್ಲಿ ಇಲ್ಲದಿದ್ರೆ, ನೆನಪಿದೆ ಅಂತ ನಂಬಿಕೆನೇ ಬರಲ್ಲ. ಒಂದು ಸಲ ನೋಡಿಬಿಡೋಣ ಅನ್ಸುತ್ತೆ. ನೋಡಿದ್ರೆ ಸರಿಯಾಗೇ ಇರುತ್ತೆ. ಮತ್ತೆ ಎರಡು ನಿಮಿಷಕ್ಕೆ ಅನ್ಸುತ್ತೆ." ಮೂಗು ಒರೆಸಿಕೊಂಡಳು. "ಚಿಕ್ಕವಳಿದ್ದಾಗ ಹೀಗಿರ್ಲಿಲ್ಲ."

ಅಂದಿನಿಂದ ದಿನವೂ ನಾಲ್ಕು ಗಂಟೆಗೆ ಅವಳು ಅಲ್ಲಿ ನನಗೊಬ್ಬನಿಗೇ ಪಾಠ ಮಾಡಿದಳು. ಇಬ್ಬರ ಫೋನೂ ಪೆಟ್ಟಿಗೆಯಲ್ಲಿ. ಮೊದಲ ದಿನ ಅವಳ ಹೆಬ್ಬೆರಳು ಮೇಜಿನ ಅಂಚು ಉಜ್ಜಿತು, ನನ್ನ ಕೈ ಖಾಲಿ ಜೇಬಿಗೆ ಹನ್ನೊಂದು ಸಲ ಹೋಯಿತು. ಎಣಿಸಿದವಳು ಅವಳು. ಯೋಜನೆಯ ಪುಸ್ತಕದಲ್ಲಿ ಇಲ್ಲದ ಉತ್ತರಗಳನ್ನೇ ಕೊಟ್ಟು ನಾನು ಅವಳನ್ನು ಸತಾಯಿಸಿದೆ. ಐದನೇ ದಿನದ ಹೊತ್ತಿಗೆ ಅವಳು ನನಗೆ, "ನೀವು ಬೆಂಚಿನ ಮೇಲೆ ನಿಂತ್ಕೊಳ್ಳಿ" ಎನ್ನುವಷ್ಟು ಮುಂದುವರಿದಳು. ಆದರೂ ಏಳನೇ ದಿನ ಮಧ್ಯದಲ್ಲಿ ಮತ್ತೆ ನಿಂತುಹೋದಳು. ಎಂಟನೇ ದಿನವೂ. ಒಂಬತ್ತನೇ ದಿನ ಬರಲೇ ಇಲ್ಲ. ಇಷ್ಟೇ ಇವಳ ಹಣೆಬರಹ ಎಂದುಕೊಂಡೆ.

ಹತ್ತನೇ ದಿನ ಗೇಟಿನ ಬಳಿ ನಾನು ನನ್ನ ಫೋನು ಕೊಟ್ಟೆ. ತೊಟ್ಟಿಲಪ್ಪ ಅದನ್ನು ಅಂಗೈಯಲ್ಲಿ ಒಂದು ಕ್ಷಣ ಹಿಡಿದರು. "ಬೆಚ್ಚಗಿದೆ ಸರ್" ಎಂದು ಒಳಗಿಟ್ಟರು. ಪರೀಕ್ಷಕರದ್ದೂ ಬೆಚ್ಚಗಿತ್ತು. ಕೊನೆಗೆ ಮಗಳು ಬಂದಳು. ಅಪ್ಪನ ಕಡೆ ನೋಡದೆ ಕೈ ಚಾಚಿದಳು. ಅವರು ಫೋನನ್ನು ಅಂಗೈಯಲ್ಲಿ ಹಿಡಿದು ನೋಡಿ, ಇಪ್ಪತ್ತೇಳರ ಮುಂದೆ ಗುರುತು ಹಾಕಿದರು.

ಅಂದು ಪಾಠವನ್ನು ನಾನು ನೋಡಿದೆ. ನೋಡದೆ ಬೇರೆ ದಾರಿಯೂ ಇರಲಿಲ್ಲ. ಅವಳು ಮೊದಲ ಐದು ನಿಮಿಷ ಬೋರ್ಡಿನ ಕಡೆ ನೋಡುತ್ತಲೇ ಮಾತಾಡಿದಳು. ಬೆಳಕಿಗೆ ಅಡ್ಡ ಬಂದದ್ದು ನೆರಳಾಗುತ್ತದೆ ಎಂಬಲ್ಲಿಗೆ ಬಂದಾಗ ತಾನಾಗಿಯೇ ನಿಲ್ಲಿಸಿದಳು. ಹೆಬ್ಬೆರಳು ಮೇಜಿನ ಅಂಚಿಗೆ ಹೋಯಿತು. ಮುಗಿಯಿತು ಎಂದುಕೊಂಡೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಎರಡನೇ ಸಾಲಿನ ಎರಡು ಜಡೆಯ ಹುಡುಗಿಯನ್ನು ನೋಡಿದಳು.

"ಅವತ್ತು ನೀನು ಏನೋ ಕೇಳ್ದೆ. ನಾನು ಕೂತ್ಕೋ ಅಂದ್ಬಿಟ್ಟೆ. ಏನದು?"

ಹುಡುಗಿ ಅನುಮಾನದಿಂದಲೇ ಎದ್ದಳು. "ಟೀಚರ್, ಫ್ಯಾನ್ ನಿಂತಿದ್ರೆ ನೆರಳು ಕಾಣುತ್ತೆ. ಜೋರಾಗಿ ತಿರುಗಿದ್ರೆ ಯಾಕೆ ಕಾಣಲ್ಲ? ಅದೂ ಅಡ್ಡ ಬರ್ತಾನೇ ಇರುತ್ತಲ್ಲ?"

ನಲವತ್ತು ಪುಸ್ತಕಗಳ ಆ ಜಾಣ ಮಗು ಇದನ್ನು ಎಂದೂ ಕೇಳಿರಲಿಲ್ಲ.

"ನಂಗೊತ್ತಿಲ್ಲ" ಎಂದಳು ಇವಳು. ತರಗತಿ ನಕ್ಕಿತು, ಇವಳೂ ನಕ್ಕಳು. "ಮಾಡಿ ನೋಡೋಣ." ಪಾಠ ಯೋಜನೆಯ ಪುಸ್ತಕದಿಂದಲೇ ಒಂದು ಹಾಳೆ ಹರಿದಳು. ಅದು ಅಂಕವಿರುವ ಪುಸ್ತಕ. ಹಾಳೆಯನ್ನು ಫ್ಯಾನಿನ ರೆಕ್ಕೆಗಳ ಹಾಗೆ ಕತ್ತರಿಸಿ ಪೆನ್ಸಿಲಿನ ತುದಿಗೆ ಗುಂಡುಸೂಜಿಯಿಂದ ಚುಚ್ಚಿ, ಕಿಟಕಿಯ ಬಿಸಿಲಿಗೆ ಹಿಡಿದಳು. ನಲವತ್ತು ಮಕ್ಕಳು ಗೋಡೆಯ ಬಳಿ ಮುತ್ತಿಕೊಂಡರು. ನಿಧಾನ ತಿರುಗಿದಾಗ ರೆಕ್ಕೆಗಳ ನೆರಳು ಬಿಡಿಬಿಡಿಯಾಗಿ ಓಡಿತು. ಜೋರಾಗಿ ಊದಿದಾಗ ಎಲ್ಲ ಕಲೆಸಿಹೋಗಿ ಮಸುಕು ಬೂದಿಬಣ್ಣವಾಯಿತು. "ಹೋಗಿಲ್ಲ ಟೀಚರ್, ತೆಳ್ಳಗಾಗಿದೆ" ಎಂದು ಕಂಡುಹಿಡಿದದ್ದು ಆ ಎರಡು ಜಡೆಯ ಹುಡುಗಿಯೇ. ಗಂಟೆ ಹೊಡೆದಾಗ ಪಾಠದ ಅರ್ಧ ಭಾಗ ಇನ್ನೂ ಉಳಿದಿತ್ತು. ಸಮಯದ ಹೊಂದಾಣಿಕೆಗೆ ನಾನು ನಾಲ್ಕೇ ಕೊಟ್ಟೆ. ಬೇರೆಡೆ ಕೊಟ್ಟದ್ದನ್ನೆಲ್ಲ ನೋಡಿ ಕೊಟ್ಟೆ. ಅವಳು ಪಾಸಾದಳು.

ರಸ್ತೆ ದಾಟಿ ಗೇಟಿಗೆ ಬಂದಾಗ ಅವಳು ನನಗಿಂತ ಮುಂದೆ ಪೆಟ್ಟಿಗೆಯ ಬಳಿ ನಿಂತಿದ್ದಳು. ತೊಟ್ಟಿಲಪ್ಪ ಫೋನು ತೆಗೆದು ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

"ಅಪ್ಪ, ಫ್ಯಾನಿನ ನೆರಳು ಎಲ್ಲಿಗೆ ಹೋಗುತ್ತೆ ಗೊತ್ತಾ ನಿಮ್ಗೆ?"

ಹತ್ತು ದಿನದ ನಂತರದ ಮೊದಲ ಮಾತು. ಅವರು ಫೋನನ್ನು ಮತ್ತೆ ಇಪ್ಪತ್ತೇಳನೇ ಗೂಡಿನಲ್ಲಿ ಇಟ್ಟು, "ಗೊತ್ತಿಲ್ಲಮ್ಮ, ಹೇಳು" ಎಂದರು. ಅವಳು ಹೇಳತೊಡಗಿದಳು, ಮೊದಲಿನಿಂದ, ಒಂದು ಮಾತೂ ಬಿಡದೆ, ಬಸ್ಸಿನ ವೇಳಾಪಟ್ಟಿ ಒಪ್ಪಿಸುವವಳ ಹಾಗೆ. ಅವರು ಕೇಳುತ್ತಾ ಕಣ್ಣು ಒರೆಸಿಕೊಂಡರು. ನಾನು ಹಿಂದೆ ನಿಂತಿದ್ದೆ. ನಲವತ್ತೊಂದನೇ ಗೂಡಿನಲ್ಲಿ ನನ್ನ ಫೋನು ಎರಡು ಸಲ ಗುಂಯ್‌ಗುಟ್ಟಿತು. ತೊಟ್ಟಿಲಪ್ಪ ತಿರುಗಿಯೂ ನೋಡಲಿಲ್ಲ. ಮಗಳ ಮಾತು ಇನ್ನೂ ಮುಗಿದಿರಲಿಲ್ಲ.